ಗ್ಲಾಸ್ಗೋದ ಮಿದುಳುಗಳು

ಅಲ್ಝೈಮರ್ ಕಾಯಿಲೆಯ ಕಲೆಗಳು ಮಿದುಳಿನಲ್ಲಿ ಕಟ್ಟಿಕೊಳ್ಳಲು ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಮರೆವು ತಲೆದೋರುವುದಕ್ಕೆ ಎಷ್ಟೋ ಮೊದಲೇ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕುಗಳು ನರಕೋಶಗಳ ನಡುವಿನ ಜಾಗದಲ್ಲಿ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗತೊಡಗಿರುತ್ತವೆ. ಇದು ವಯಸ್ಸಾದವರ ಕಾಯಿಲೆ, ನಿಧಾನದ ಕಾಯಿಲೆ ಎಂಬುದು ವೈದ್ಯರ ಗಟ್ಟಿ ತಿಳಿವಳಿಕೆಯಾಗಿತ್ತು. 1990ರ ದಶಕದ ಆರಂಭದಲ್ಲಿ ಅದಕ್ಕೆ ಹೊಂದದ ಒಂದು ಸಂಗತಿ ಸೂಕ್ಷ್ಮದರ್ಶಕದಡಿ ಕಾಣಿಸಿತು. ತಲೆಗೆ ಪೆಟ್ಟು ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡವರ ಮಿದುಳಿನಲ್ಲೂ ಅದೇ ಕಲೆಗಳಿದ್ದವು.

ಗ್ಯಾರೆತ್ ರಾಬರ್ಟ್ಸ್, ಡೇವಿಡ್ ಗ್ರಹಾಂ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 152 ಮಂದಿಯ ಮಿದುಳುಗಳಿದ್ದವು. ಅವರಲ್ಲಿ ಎಂಟು ವಾರದ ಕೂಸೂ ಇತ್ತು, 81 ವರ್ಷ ವಯಸ್ಸಾದವರೂ ಇದ್ದರು. ಕೆಲವರು ಪೆಟ್ಟು ಬಿದ್ದ ಮೇಲೆ ನಾಲ್ಕು ಗಂಟೆ ಬದುಕಿದ್ದರು, ಕೆಲವರು ಎರಡೂವರೆ ವರ್ಷ. ನೂರಕ್ಕೆ 30 ಮಂದಿಯಲ್ಲಿ ಅಮಿಲಾಯ್ಡ್ ಸಿಕ್ಕಿತು. ಮುಪ್ಪಿನಲ್ಲಿ ದಶಕಗಟ್ಟಲೆ ನಡೆಯುವ ಕೆಲಸ ಇಲ್ಲಿ ಗಂಟೆಗಳಲ್ಲಿ, ದಿನಗಳಲ್ಲಿ ನಡೆದುಹೋಗಿತ್ತು. ಮುಂದೆ ಅಮೆರಿಕದಲ್ಲಿ, ಬದುಕಿದ್ದ ಗಾಯಾಳುಗಳಿಂದ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅನಿವಾರ್ಯವಾಗಿ ತೆಗೆದ ಮಿದುಳಿನ ಚೂರುಗಳನ್ನು ಪರೀಕ್ಷಿಸಿದಾಗ, ಪೆಟ್ಟು ಬಿದ್ದ ಎರಡೇ ಗಂಟೆಗಳಲ್ಲಿ ಕಲೆಗಳು ಮೂಡಿದ್ದೂ ಕಂಡುಬಂತು.

ನೂರಕ್ಕೆ 30 ಎಂಬ ಆ ಅಂಕಿಯಲ್ಲೇ ಮುಂದಿನ ಪ್ರಶ್ನೆ ಅಡಗಿತ್ತು. ಪೆಟ್ಟು ಎಲ್ಲರಿಗೂ ಬಿದ್ದಿದೆ. ಹಾಗಿದ್ದರೆ ಉಳಿದ 70 ಮಂದಿಯ ಮಿದುಳಿನಲ್ಲಿ ಅಮಿಲಾಯ್ಡ್ ಏಕೆ ಕಟ್ಟಿಕೊಳ್ಳಲಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ಗ್ಲಾಸ್ಗೋಗಿಂತ ತಕ್ಕ ಊರು ಆಗ ಇನ್ನೊಂದಿರಲಿಲ್ಲ. ತಲೆಪೆಟ್ಟಿನ ವೈದ್ಯಕೀಯ ಇಂದಿನ ರೂಪ ಪಡೆದದ್ದರಲ್ಲಿ ಸ್ಕಾಟ್ಲೆಂಡಿನ ಆ ಊರಿನ ಪಾಲು ದೊಡ್ಡದು. ನಮ್ಮಲ್ಲಿ ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಅಪಘಾತಕ್ಕೆ ಸಿಕ್ಕವರನ್ನು ಕ್ಯಾಶುಯಾಲ್ಟಿಗೆ ತಂದಾಗ ವೈದ್ಯರು ಒಬ್ಬರನ್ನೊಬ್ಬರು ಕೇಳುವುದು, ‘ಜಿಸಿಎಸ್ ಎಷ್ಟು?’ ಎಂದು. ಕಣ್ಣು ತೆರೆಯುತ್ತಾರೆಯೇ, ಮಾತಾಡುತ್ತಾರೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾರೆಯೇ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುವ ಕ್ರಮ ಅದು. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಅದನ್ನು ರೂಪಿಸಿದವರು ಅಲ್ಲಿನ ನರಶಸ್ತ್ರಚಿಕಿತ್ಸಕರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್. ಬದುಕಿದ್ದವರನ್ನು ಅವರು ಅಳೆಯುತ್ತಿದ್ದರೆ, ತೀರಿಕೊಂಡವರ ಮಿದುಳುಗಳನ್ನು ಅದೇ ಊರಿನ ರೋಗಶಾಸ್ತ್ರಜ್ಞರು ವಿವರವಾದ ದಾಖಲೆಯೊಂದಿಗೆ ಜೋಪಾನವಾಗಿ ಎತ್ತಿಡುತ್ತಿದ್ದರು. ಅಮಿಲಾಯ್ಡ್ ಬಗ್ಗೆ ಯಾರೂ ಯೋಚಿಸದ ಕಾಲದಲ್ಲಿ ಎತ್ತಿಟ್ಟ ಮಿದುಳುಗಳು ಅವು. ಮುಂದೆ ಯಾವ ಪ್ರಶ್ನೆ ಬರುತ್ತದೋ ಗೊತ್ತಿಲ್ಲದೆ ಕಾಪಾಡಿದವರ ಶ್ರದ್ಧೆ ನನಗೆ ಈ ಕಥೆಯುದ್ದಕ್ಕೂ ಬಹಳ ದೊಡ್ಡದಾಗಿ ಕಾಣುತ್ತದೆ.

ಪೆಟ್ಟಿಗೂ ಅಮಿಲಾಯ್ಡ್‌ಗೂ ಏನು ಸಂಬಂಧ ಎಂಬುದನ್ನು ಮೊದಲು ನೋಡೋಣ. ನರಕೋಶದಿಂದ ಆಕ್ಸಾನ್ ಎಂಬ ಉದ್ದನೆಯ ತಂತು ಹೊರಡುತ್ತದೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಈ ತಂತುವಿನೊಳಗೆ ಹಗಲಿರುಳೂ ಸಾಗಾಟ ನಡೆಯುತ್ತಿರುತ್ತದೆ. ಕೋಶದ ಒಡಲಿನಲ್ಲಿ ತಯಾರಾದ ಪ್ರೋಟೀನುಗಳು ತಂತುವಿನ ತುದಿಗೆ ತಲುಪಬೇಕು. ಬೈಕಿನಿಂದ ಬಿದ್ದಾಗ ತಲೆ ಬರೀ ನೆಲಕ್ಕೆ ಬಡಿಯುವುದಿಲ್ಲ, ಗಿರ್ರನೆ ತಿರುಗಿ ತಟ್ಟನೆ ನಿಲ್ಲುತ್ತದೆ. ಆ ತಿರುಚಿನಲ್ಲಿ ಮಿದುಳಿನ ಆಳದ ಆಕ್ಸಾನುಗಳು ಜಗ್ಗುತ್ತವೆ. ಹೆಚ್ಚಿನವು ಆ ಕ್ಷಣದಲ್ಲಿ ತುಂಡಾಗುವುದಿಲ್ಲ. ಒಳಗಿನ ಸಾಗಾಟದ ದಾರಿ ಮಾತ್ರ ಅಲ್ಲಲ್ಲಿ ಮುರಿಯುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಸಕಲೇಶಪುರದ ಕಡೆಯಿಂದ ಬರುವ ಲಾರಿಗಳು ಒಂದರ ಹಿಂದೊಂದು ನಿಂತುಬಿಡುವುದನ್ನು ನೆನಪಿಸಿಕೊಳ್ಳಿ. ಮುರಿದ ಜಾಗದ ಹಿಂದೆ ಸರಕು ಹಾಗೆ ಜಮಾಯಿಸಿ ಆಕ್ಸಾನ್ ಊದಿಕೊಳ್ಳುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ‘ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ಎಚ್ಚರ ಬಂದಿಲ್ಲ’ ಎಂಬ ಮಾತಿನ ಹಿಂದೆ ಅನೇಕ ಬಾರಿ ಇರುವುದು ಈ ಗಾಯ.

ಹಾಗೆ ಜಮಾಯಿಸುವ ಸರಕಿನಲ್ಲಿ ಎಪಿಪಿ ಎಂಬ ಪ್ರೋಟೀನ್ ಹೇರಳವಾಗಿರುತ್ತದೆ. ಪೆಟ್ಟು ಬಿದ್ದ ಎರಡು ಮೂರು ಗಂಟೆಗಳಲ್ಲೇ ಅದು ಊದಿದ ಆಕ್ಸಾನುಗಳಲ್ಲಿ ಎದ್ದು ಕಾಣುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಆಕ್ಸಾನುಗಳಿಗೆ ಆದ ಗಾಯವನ್ನು ಗುರುತಿಸಲು ತಜ್ಞರು ನೆಚ್ಚುವುದು ಇದನ್ನೇ. ಅಮಿಲಾಯ್ಡ್ ಬೀಟಾ ಹುಟ್ಟುವುದು ಎಪಿಪಿಯನ್ನು ಎರಡು ಕಿಣ್ವಗಳು ಎರಡು ಕಡೆ ಕತ್ತರಿಸಿದಾಗ. ಆ ಕಿಣ್ವಗಳೂ ಅದೇ ಊತದಲ್ಲಿ ಒಟ್ಟಾಗಿರುವುದು ಕಂಡುಬಂದಿದೆ. ಅಂದರೆ ಕಚ್ಚಾವಸ್ತುವೂ ಕತ್ತರಿಯೂ ಒಂದೇ ಕಡೆ ಸೇರಿವೆ. ಆಕ್ಸಾನ್ ಒಡೆದರೆ ತಯಾರಾದ ಅಮಿಲಾಯ್ಡ್ ಹೊರಗೆ ಸುರಿಯುತ್ತದೆ.

ಸುರಿದದ್ದನ್ನು ಮಿದುಳು ಎಷ್ಟು ಬೇಗ ಬಳಿದು ಹಾಕುತ್ತದೆ ಎಂಬುದರಲ್ಲಿ ಮಾತ್ರ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವಿದೆ. ವಂಶವಾಹಿ ಈ ಕಥೆಯೊಳಗೆ ಬರುವುದು ಇಲ್ಲಿ.

ಅಪೋಲಿಪೋಪ್ರೋಟೀನ್-ಇ, ಚಿಕ್ಕದಾಗಿ ಅಪೋಇ, ದೇಹದಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಪ್ರೋಟೀನುಗಳಲ್ಲೊಂದು. ಅದರ ವಂಶವಾಹಿ 19ನೇ ವರ್ಣತಂತುವಿನಲ್ಲಿದೆ. ಮಿದುಳಿನಲ್ಲಿ ಇದನ್ನು ಹೆಚ್ಚಾಗಿ ತಯಾರಿಸುವುದು ನರಕೋಶಗಳಲ್ಲ, ಅವುಗಳ ಆರೈಕೆ ಮಾಡುವ ಆಸ್ಟ್ರೋಸೈಟ್ ಕೋಶಗಳು. ಪೆಟ್ಟಾದಾಗ ಅಪೋಇ ತಯಾರಿಕೆ ಹೆಚ್ಚುತ್ತದೆ. ಒಡೆದ ಕೋಶಗಳ ಕೊಬ್ಬನ್ನು ಬಾಚಿ, ಹೊಸ ಪೊರೆ ಕಟ್ಟಿಕೊಳ್ಳಬೇಕಾದ ನರಕೋಶಗಳಿಗೆ ಕೊಲೆಸ್ಟೆರಾಲ್ ಒದಗಿಸುವ ಕೆಲಸ ಅದರದು. ಅಮಿಲಾಯ್ಡ್‌ಗೆ ಅಂಟಿಕೊಂಡು ಅದನ್ನು ಸಾಗಹಾಕುವುದರಲ್ಲೂ ಅದಕ್ಕೆ ಕೈಯಿದೆ. ಮನುಷ್ಯರಲ್ಲಿ ಈ ವಂಶವಾಹಿ ಇ2, ಇ3, ಇ4 ಎಂಬ ಮೂರು ರೂಪಗಳಲ್ಲಿ ಸಿಗುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಹೆಚ್ಚಿನವರಲ್ಲಿರುವುದು ಇ3. ಅದಕ್ಕೂ ಇ4ಗೂ ಇರುವ ಅಂತರ 299 ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು. 112ನೆಯ ಸ್ಥಾನದಲ್ಲಿ ಇ3ರಲ್ಲಿ ಸಿಸ್ಟೀನ್ ಇದ್ದರೆ ಇ4ರಲ್ಲಿ ಆರ್ಜಿನಿನ್ ಇರುತ್ತದೆ. ಅಷ್ಟರಿಂದಲೇ ಪ್ರೋಟೀನಿನ ಮಡಿಕೆ ಬದಲಾಗಿ, ಕೊಬ್ಬು ಹೊರುವ ಶಕ್ತಿಯೂ ಅಮಿಲಾಯ್ಡ್ ತೆರವು ಮಾಡುವ ಶಕ್ತಿಯೂ ಕುಗ್ಗುತ್ತವೆ. ಇ4 ಕೆಟ್ಟುಹೋದ ಇ3 ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಇ4 ಹಳೆಯ ರೂಪ. ಚಿಂಪಾಂಜಿಗಳಲ್ಲೂ ಆ ಸ್ಥಾನದಲ್ಲಿರುವುದು ಆರ್ಜಿನಿನ್ನೇ. ನಮ್ಮ ಪೂರ್ವಜರೆಲ್ಲ ಒಂದು ಕಾಲಕ್ಕೆ ಅದನ್ನೇ ಹೊತ್ತು ಬದುಕಿದವರು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ತಂಡ, ಇ4 ಇದ್ದವರಿಗೆ ಮುಪ್ಪಿನ ಅಲ್ಝೈಮರ್ ಅಪಾಯ ಹೆಚ್ಚೆಂದು 1993ರಲ್ಲಿ ತೋರಿಸಿತು. ಸುದ್ದಿ ತಿಳಿದದ್ದೇ ಗ್ಲಾಸ್ಗೋದವರು ತಮ್ಮ ಸಂಗ್ರಹದತ್ತ ತಿರುಗಿದರು. ಜೇಮ್ಸ್ ನಿಕೋಲ್, ರಾಬರ್ಟ್ಸ್ ಮತ್ತು ಗ್ರಹಾಂ ತಲೆಪೆಟ್ಟಿನಿಂದ ತೀರಿಕೊಂಡ 90 ಮಂದಿಯ ವಂಶವಾಹಿಯನ್ನು ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮಿಲಾಯ್ಡ್ ಕಟ್ಟಿಕೊಂಡಿದ್ದವರ ಗುಂಪಿನಲ್ಲಿ ಅಪೋಇ ಪ್ರತಿಗಳ ಪೈಕಿ ನೂರಕ್ಕೆ 52 ಇ4 ಆಗಿದ್ದವು. ಕಟ್ಟಿಕೊಳ್ಳದವರಲ್ಲಿ 16 ಮಾತ್ರ. ಜೀವಶಾಸ್ತ್ರದಲ್ಲಿ ಇಷ್ಟು ನಿಚ್ಚಳವಾದ ಅಂತರ ಅಪರೂಪ. ಎಲ್ಲರಿಗೂ ಬಿದ್ದದ್ದು ಪೆಟ್ಟೇ ಆದರೂ, ಅದಕ್ಕೆ ಮಿದುಳು ಕೊಡುವ ಉತ್ತರವನ್ನು ಹುಟ್ಟಿನಿಂದ ಬಂದ ವಂಶವಾಹಿ ಬದಲಿಸುತ್ತಿತ್ತು.

ಇದರ ಮುಂದಿನ ಹೆಜ್ಜೆ ಯಾರಿಗಾದರೂ ಹೊಳೆಯುವಂಥದ್ದೇ. ಇ4 ಇದ್ದವರು ಪೆಟ್ಟಿನಿಂದ ಚೇತರಿಸಿಕೊಳ್ಳುವುದೂ ಕಷ್ಟವಾಗಬೇಕಲ್ಲವೇ? ಟೀಸ್‌ಡೇಲ್ ಮತ್ತು ಸಂಗಡಿಗರು ಗ್ಲಾಸ್ಗೋದ ಆಸ್ಪತ್ರೆಗೆ ಸೇರಿದ 93 ಗಾಯಾಳುಗಳನ್ನು ಆರು ತಿಂಗಳ ನಂತರ ಮತ್ತೆ ನೋಡಿದರು. ಇ4 ಇದ್ದ 30 ಮಂದಿಯಲ್ಲಿ 17 ಮಂದಿ ತೀರಿಕೊಂಡಿದ್ದರು, ಇಲ್ಲವೇ ತೀವ್ರ ಅಂಗವೈಕಲ್ಯದಲ್ಲಿದ್ದರು. ಇ4 ಇಲ್ಲದ 63 ಮಂದಿಯಲ್ಲಿ ಆ ಸ್ಥಿತಿಯಲ್ಲಿದ್ದವರೂ 17. ಶೇಕಡ 57 ಒಂದು ಕಡೆ, ಶೇಕಡ 27 ಇನ್ನೊಂದು ಕಡೆ. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಬ್ಯಾರಿ ಜೋರ್ಡನ್ 30 ಬಾಕ್ಸರುಗಳನ್ನು ಪರೀಕ್ಷಿಸಿ, ಹೆಚ್ಚು ಪಂದ್ಯ ಆಡಿದವರಲ್ಲಿ ಇ4 ಇದ್ದವರ ಮಿದುಳು ಹೆಚ್ಚು ಹಾಳಾಗಿದೆ ಎಂದು ವರದಿ ಮಾಡಿದರು. ತೀರಾ ಹದಗೆಟ್ಟವರೆಲ್ಲರಲ್ಲೂ ಇ4 ಇತ್ತು. ಆದರೆ ಹಾಗೆ ತೀರಾ ಹದಗೆಟ್ಟವರು ಮೂವರೇ ಎಂಬುದನ್ನೂ ಕೂಡಲೇ ಹೇಳಬೇಕು.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಅದು ಅಚ್ಚುಕಟ್ಟಾಗಿ ಕಾಣುತ್ತಿತ್ತು. ‘ಕೆಟ್ಟ ಜೀನ್ ಇದ್ದರೆ ಕೆಟ್ಟ ಗತಿ’ ಎಂದು ಬರೆದ ಲೇಖನಗಳು ಇಂದಿಗೂ ಸಿಗುತ್ತವೆ. ಟೀಸ್‌ಡೇಲ್ ಅಷ್ಟಕ್ಕೇ ತೃಪ್ತರಾಗಲಿಲ್ಲ. 93 ಮಂದಿಯಲ್ಲಿ ಕಂಡದ್ದು ಸಾವಿರ ಮಂದಿಯಲ್ಲೂ ಕಾಣುತ್ತದೆಯೇ ಎಂದು ನೋಡಲು 1,094 ಗಾಯಾಳುಗಳನ್ನು ಸೇರಿಸಿಕೊಂಡು ಹೊಸದಾಗಿ ಅಧ್ಯಯನ ನಡೆಸಿದರು. ಅದರ ಫಲಿತಾಂಶ 2005ರಲ್ಲಿ ಬಂತು. ಆರು ತಿಂಗಳ ಕೊನೆಗೆ ಕೆಟ್ಟ ಸ್ಥಿತಿಯಲ್ಲಿದ್ದವರು ಇ4 ಗುಂಪಿನಲ್ಲಿ ಶೇಕಡ 36, ಇ4 ಇಲ್ಲದವರಲ್ಲಿ ಶೇಕಡ 33. ಎಂಟು ವರ್ಷದ ಹಿಂದೆ ಎರಡು ಪಟ್ಟು ಇದ್ದ ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು. ತಮ್ಮದೇ ಹೆಸರಾಂತ ಶೋಧವನ್ನು ಹೀಗೆ ತಾವೇ ಹತ್ತು ಪಟ್ಟು ದೊಡ್ಡ ತಕ್ಕಡಿಯಲ್ಲಿಟ್ಟು ತೂಗಿ, ಬಂದ ಉತ್ತರವನ್ನು ಹಾಗೆಯೇ ಪ್ರಕಟಿಸಿದವರನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ. ವಿಜ್ಞಾನದ ಪುಸ್ತಕಗಳಲ್ಲಿ 1997ರ ಅಧ್ಯಯನಕ್ಕೆ ಸಿಕ್ಕಷ್ಟು ಜಾಗ 2005ರದ್ದಕ್ಕೂ ಸಿಗಬೇಕು.

ಆದರೆ ಎಲ್ಲವೂ ಕರಗಿರಲಿಲ್ಲ. ವಯಸ್ಸಿನ ಪ್ರಕಾರ ವಿಂಗಡಿಸಿದಾಗ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಇ4ರ ಪರಿಣಾಮ ಉಳಿದುಕೊಂಡಿತ್ತು. ಇ4 ಇದ್ದ ಎಳೆಯರ ಚೇತರಿಕೆ ಅದಿಲ್ಲದ ಎಳೆಯರದಕ್ಕಿಂತ ಹಿಂದಿತ್ತು. ಎಳೆಯ ಮಿದುಳು ತನ್ನನ್ನು ತಾನೇ ಕಟ್ಟಿಕೊಳ್ಳುವ ಶಕ್ತಿಯಿಂದ ಬದುಕುತ್ತದೆ; ಆ ದುರಸ್ತಿಗೆ ಬೇಕಾದ ಕೊಬ್ಬನ್ನು ಒದಗಿಸುವ ಪ್ರೋಟೀನ್ ದುರ್ಬಲವಾದರೆ ಹೆಚ್ಚು ಕಳೆದುಕೊಳ್ಳುವುದೂ ಅದೇ ಎಂದು ಊಹಿಸಬಹುದು. ವಯಸ್ಸಾದವರಲ್ಲಿ ದುರಸ್ತಿಯ ಶಕ್ತಿಯೇ ಕಡಿಮೆ, ಹಾಗಾಗಿ ಅಂತರವೂ ಕಡಿಮೆ. ಇದು ಊಹೆ ಎಂಬುದನ್ನು ಮರೆಯಬಾರದು. 2022ರಲ್ಲಿ ಅನೇಕ ದೇಶಗಳ ಐದು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಇಡೀ ಜೀನೋಮನ್ನು ಜಾಲಾಡಿದ ಅಧ್ಯಯನಕ್ಕೆ, ಚೇತರಿಕೆಯನ್ನು ನಿರ್ಧರಿಸುವ ಒಂಟಿ ವಂಶವಾಹಿ ಯಾವುದೂ ಸಿಗಲಿಲ್ಲ. ವಂಶವಾಹಿಗಳ ಪಾತ್ರ ಇದೆ, ಆದರೆ ಅದು ಹಲವಾರು ವಂಶವಾಹಿಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ.

ಅಮಿಲಾಯ್ಡ್‌ನ ಕಥೆಯೂ ಅಷ್ಟು ಸರಳವಾಗಿ ಉಳಿಯಲಿಲ್ಲ. ಪೆಟ್ಟಿನ ನಂತರ ಗಂಟೆಗಳಲ್ಲಿ ಮೂಡುವ ಈ ಕಲೆಗಳು ಬಹುಪಾಲು ಸಡಿಲವಾದವು, ಅಲ್ಝೈಮರ್‌ನ ಬಲಿತ ಕಲೆಗಳಂಥವಲ್ಲ. ಪೆಟ್ಟಿನ ನಂತರ ತಿಂಗಳುಗಳ ಕಾಲ, ಎರಡು ಮೂರು ವರ್ಷಗಳವರೆಗೆ ಬದುಕಿದ್ದವರ ಮಿದುಳಿನಲ್ಲಿ ಹುಡುಕಿದರೆ ಅವು ಕಾಣೆಯಾಗಿದ್ದವು. ಊದಿದ ಆಕ್ಸಾನುಗಳಲ್ಲಿ ಅಮಿಲಾಯ್ಡ್ ತಯಾರಾಗುತ್ತಲೇ ಇತ್ತು, ಆದರೆ ಹೊರಗೆ ಕಟ್ಟಿಕೊಳ್ಳುತ್ತಿರಲಿಲ್ಲ. ಅದನ್ನು ಕರಗಿಸುತ್ತಿದ್ದದ್ದು ನೆಪ್ರಿಲೈಸಿನ್ ಎಂಬ ಕಿಣ್ವ ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಗ್ಲಸ್ ಸ್ಮಿತ್ ತಂಡ 2009ರಲ್ಲಿ ಸೂಚಿಸಿತು. ಆ ಕಿಣ್ವದ ವಂಶವಾಹಿಯಲ್ಲೂ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸವಿದೆ, ಅದಕ್ಕೂ ಕಲೆ ಕಟ್ಟುವುದಕ್ಕೂ ನಂಟಿದೆ.

ಹಾಗಾದರೆ ಬಂದ ಅಪಾಯ ತೊಲಗಿತೇ? ಇದಕ್ಕೆ ಉತ್ತರ ಕೊಟ್ಟದ್ದೂ ಗ್ಲಾಸ್ಗೋದ ಮಿದುಳುಗಳೇ. ವಿಕ್ಟೋರಿಯಾ ಜಾನ್ಸನ್, ವಿಲ್ಲಿ ಸ್ಟೂವರ್ಟ್ ಮತ್ತು ಸ್ಮಿತ್ 2012ರಲ್ಲಿ, ಒಂದೇ ಒಂದು ಗಂಭೀರ ತಲೆಪೆಟ್ಟಿನ ನಂತರ 1ರಿಂದ 47 ವರ್ಷ ಬದುಕಿದ್ದ 39 ಮಂದಿಯ ಮಿದುಳುಗಳನ್ನು, ಪೆಟ್ಟು ತಿನ್ನದ ಅದೇ ವಯಸ್ಸಿನವರ ಮಿದುಳಿನೊಂದಿಗೆ ಹೋಲಿಸಿದರು. ಅಮಿಲಾಯ್ಡ್ ಕಲೆಗಳು ಮತ್ತೆ ಕಂಡವು, ಪೆಟ್ಟು ತಿನ್ನದವರಿಗಿಂತ ದಟ್ಟವಾಗಿ. ಜೊತೆಗೆ ಸುಮಾರು ಮೂರನೇ ಒಂದು ಭಾಗದವರಲ್ಲಿ ಟೌ ಎಂಬ ಇನ್ನೊಂದು ಪ್ರೋಟೀನಿನ ಸಿಕ್ಕುಗಳೂ ಹೇರಳವಾಗಿದ್ದವು. ಟೌ ಇರುವುದು ಆಕ್ಸಾನಿನೊಳಗೆ. ಸಾಗಾಟದ ದಾರಿಯಾಗಿರುವ ಸೂಕ್ಷ್ಮನಾಳಗಳನ್ನು ಅದು ಹಿಡಿದು ನಿಲ್ಲಿಸುತ್ತದೆ. ಆ ನಾಳಗಳು ಮುರಿದಾಗ ಟೌ ಕಳಚಿಕೊಂಡು, ರಾಸಾಯನಿಕವಾಗಿ ಬದಲಾಗಿ, ತನ್ನಂಥದೇ ಇನ್ನಷ್ಟು ಟೌಗಳೊಂದಿಗೆ ಹೆಣೆದುಕೊಳ್ಳುತ್ತದೆ. ಮೊದಲ ವಾರದಲ್ಲಿ ಬಂದು ಹೋಗುವ ಅಮಿಲಾಯ್ಡ್‌ಗೂ ದಶಕಗಳ ಬಳಿಕ ಕಾಣುವ ಈ ಎರಡು ಪ್ರೋಟೀನುಗಳಿಗೂ ನಡುವೆ ಏನು ನಡೆಯುತ್ತದೆ ಎಂಬುದು ಈ ಕ್ಷೇತ್ರದ ಅತ್ಯಂತ ಕಠಿಣ ಪ್ರಶ್ನೆ. ನಡುವಿನ ವರ್ಷಗಳಲ್ಲಿ ಬದುಕಿರುವವರ ಮಿದುಳನ್ನು ತೆರೆದು ನೋಡುವಂತಿಲ್ಲ. ಈಗ ಟೌವನ್ನು ಗುರುತಿಸುವ ಪೆಟ್ ಸ್ಕ್ಯಾನ್ ಬಂದಿರುವುದರಿಂದ ಆ ಕತ್ತಲೆಯ ಕಾಲದೊಳಗೆ ಇಣುಕಲು ದಾರಿ ಸಿಕ್ಕಿದೆ.

ಒಂದೇ ದೊಡ್ಡ ಪೆಟ್ಟಿನ ಬದಲು ಸಾವಿರಾರು ಸಣ್ಣ ಪೆಟ್ಟುಗಳಾದರೆ? ಬಾಕ್ಸರುಗಳ ತೊದಲು ಮಾತು, ತೂರಾಡುವ ನಡಿಗೆಯನ್ನು ನ್ಯೂಜೆರ್ಸಿಯ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವರ್ಣಿಸಿದ್ದರು. ಇಂಗ್ಲೆಂಡಿನ ಕಾರ್ಸೆಲಿಸ್ 1973ರಲ್ಲಿ 15 ಬಾಕ್ಸರುಗಳ ಮಿದುಳು ತೆರೆದು ಸಿಕ್ಕುಗಳನ್ನು ತೋರಿಸಿದರು. ಈಗ ಸಿಟಿಇ ಎಂದು ಕರೆಯುವ ಈ ಕಾಯಿಲೆಯಲ್ಲಿ ಟೌ ಮೊದಲು ಜಮೆಯಾಗುವುದು ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ. ಅಲ್ಝೈಮರ್‌ಗಿಂತ ಬೇರೆಯದೇ ಆದ ಜಾಗ ಅದು. ಬೋಸ್ಟನ್ನಿನ ಮಿದುಳು ಭಂಡಾರವೊಂದರಲ್ಲಿ ನಡೆದ ಅಧ್ಯಯನದ ಪ್ರಕಾರ 65 ದಾಟಿದವರಲ್ಲಿ ಇ4 ಇದ್ದರೆ ಈ ಕಾಯಿಲೆಯ ಹಂತವೂ ಮುಂದಿರುತ್ತದೆ. ಆದರೆ ಇಂಥ ಭಂಡಾರಗಳಿಗೆ ಮಿದುಳು ಬರುವುದೇ ಹೆಚ್ಚಾಗಿ ತೊಂದರೆ ಅನುಭವಿಸಿದವರ ಕುಟುಂಬಗಳಿಂದ. ಅಲ್ಲಿನ ಲೆಕ್ಕವನ್ನು ಎಲ್ಲ ಆಟಗಾರರಿಗೂ ಅನ್ವಯಿಸುವಂತಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಮನವರಿಕೆಯಾದದ್ದು ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರರ ಲೆಕ್ಕ. ವಿಲ್ಲಿ ಸ್ಟೂವರ್ಟ್ ತಂಡ 7,676 ಮಾಜಿ ವೃತ್ತಿಪರ ಆಟಗಾರರ ಮರಣದ ದಾಖಲೆಗಳನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟಿಸಿತು. ನರಕ್ಷಯದ ಕಾಯಿಲೆಗಳಿಂದ ಸಾಯುವ ಪ್ರಮಾಣ ಆಟಗಾರರಲ್ಲಿ ಮೂರೂವರೆ ಪಟ್ಟು. ಎರಡು ವರ್ಷದ ನಂತರ ಅವರನ್ನೇ ಆಡುವ ಸ್ಥಾನದ ಪ್ರಕಾರ ವಿಂಗಡಿಸಿದರು. ಚೆಂಡಿಗೆ ಹೆಚ್ಚಾಗಿ ತಲೆಕೊಡುವ ಡಿಫೆಂಡರುಗಳಲ್ಲಿ ಅಪಾಯ ಸುಮಾರು ಐದು ಪಟ್ಟು ಇತ್ತು. ತಲೆಯಿಂದ ಚೆಂಡು ಹೊಡೆಯುವ ಪ್ರಸಂಗವೇ ಅಪರೂಪವಾದ ಗೋಲ್‌ಕೀಪರುಗಳಲ್ಲಿ ಸಾಮಾನ್ಯ ಜನರಿಗಿಂತ ಖಚಿತವಾದ ಹೆಚ್ಚಳವೇ ಕಾಣಲಿಲ್ಲ. ಹೆಚ್ಚು ವರ್ಷ ಆಡಿದವರಿಗೆ ಹೆಚ್ಚು ಅಪಾಯ. ಡಿಫೆಂಡರುಗಳೂ ಗೋಲ್‌ಕೀಪರುಗಳೂ ಒಂದೇ ನಾಡಿನ ಮಕ್ಕಳು. ಇ4 ಗೋಲ್‌ಕೀಪರುಗಳನ್ನು ಬಿಟ್ಟು ಡಿಫೆಂಡರುಗಳಿಗೆ ಮಾತ್ರ ಬರುವುದಕ್ಕೆ ಯಾವ ಕಾರಣವೂ ಇಲ್ಲ. ಅವರ ನಡುವೆ ಎದ್ದು ಕಾಣುವ ವ್ಯತ್ಯಾಸ ತಲೆಗೆ ಬಿದ್ದ ಪೆಟ್ಟುಗಳ ಎಣಿಕೆ. ಮುಂದಿನ ಅಪಾಯವನ್ನು ವಂಶವಾಹಿ ಹೆಚ್ಚುಕಡಿಮೆ ಮಾಡಬಹುದು. ಅದನ್ನು ಹುಟ್ಟಿಸುವುದು ಪೆಟ್ಟು. 2020ರಲ್ಲಿ ಸ್ಕಾಟ್ಲೆಂಡ್ 12 ವರ್ಷದೊಳಗಿನ ಮಕ್ಕಳಿಗೆ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸುವುದನ್ನು ನಿಲ್ಲಿಸಿತು. ಯಾವ ಮಗುವಿನ ಜೀನನ್ನೂ ಪರೀಕ್ಷಿಸುವ ಅಗತ್ಯ ಅದಕ್ಕೆ ಬೀಳಲಿಲ್ಲ.

ನಮ್ಮಲ್ಲಿ ತಲೆಪೆಟ್ಟು ಬರುವುದು ಬಾಕ್ಸಿಂಗ್ ಕಣದಿಂದಲ್ಲ, ರಸ್ತೆಯಿಂದ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಬದುಕುಳಿದು ಮನೆಗೆ ಬಂದವರ ಮಿದುಳಿನಲ್ಲಿ ಇಪ್ಪತ್ತು ವರ್ಷದ ಬಳಿಕ ಏನಾಗುತ್ತದೆ? ಗ್ಲಾಸ್ಗೋದ ಅಂಕಿಗಳನ್ನು ತಂದು ಇಲ್ಲಿ ಇಡುವಂತಿಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪೋಇ ಪ್ರತಿಗಳ ಪೈಕಿ ಇ4 ನೂರಕ್ಕೆ ಸುಮಾರು 7 ಇತ್ತು. ಹೋಲಿಕೆಗೆ ತೆಗೆದುಕೊಂಡ ಪೆನ್ಸಿಲ್ವೇನಿಯದ ಕಣಿವೆಯೊಂದರಲ್ಲಿ 11. ಇ4 ಇದ್ದವರಿಗೆ ಅಲ್ಝೈಮರ್ ಅಪಾಯ ಹೆಚ್ಚುವುದು ಮಾತ್ರ ಎರಡೂ ಕಡೆ ಒಂದೇ ತೆರನಾಗಿತ್ತು. ಇ4 ವಿರಳವಾಗಿರುವ ಜನರಲ್ಲಿ ಅದರ ಪರಿಣಾಮವನ್ನು ಅಳೆಯಲು ಇನ್ನೂ ಹೆಚ್ಚು ಗಾಯಾಳುಗಳನ್ನು, ಇನ್ನೂ ಹೆಚ್ಚು ವರ್ಷ ಹಿಂಬಾಲಿಸಬೇಕಾಗುತ್ತದೆ. 93 ಮಂದಿಯಿಂದ ಏನಾಯಿತೆಂದು ನೋಡಿದ್ದೇವಲ್ಲ.

ಮಗನೋ ಮಗಳೋ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ‘ಈ ಜೀನ್ ಟೆಸ್ಟ್ ಮಾಡಿಸಬೇಕಾ ಡಾಕ್ಟ್ರೇ?’ ಎಂದು ಕೇಳುವ ತಂದೆತಾಯಿಗಳು ಈಗ ಇದ್ದಾರೆ. ಬೇಡ ಎಂಬುದೇ ಇಂದಿನ ಸರಿಯಾದ ಉತ್ತರ. ಇ4 ಇದೆಯೆಂದು ತಿಳಿದರೆ ಬದಲಾಯಿಸಬೇಕಾದ ಚಿಕಿತ್ಸೆ ಯಾವುದೂ ಇಲ್ಲ. ಇಲ್ಲವೆಂದು ತಿಳಿದರೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ತಂದೆತಾಯಿಗಳು ಗಮನಿಸಬೇಕಾದದ್ದು ಬೇರೆ. ಎಚ್ಚರ ಬಂದು ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ತಲೆನೋವು, ಸಿಡುಕು, ಓದಿದ್ದು ನಿಲ್ಲದಿರುವುದು, ನಿದ್ದೆಗೆಡುವುದು ಕಂಡರೆ ‘ಸೋಮಾರಿತನ’ ಎಂದು ಗದರದೆ ನರವೈದ್ಯರ ಬಳಿ ಮತ್ತೆ ಕರೆದುಕೊಂಡು ಹೋಗಬೇಕು. ಹಳೆಯ ಪೆಟ್ಟು ಪೂರ್ತಿ ಮಾಗುವ ಮೊದಲು ಇನ್ನೊಂದು ಬೀಳದಂತೆ ಕಾಯಬೇಕು. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಪೊಲೀಸರ ಕಣ್ಣಿಗೆಂದು ಹಾಕುವ ಅರ್ಧ ಟೋಪಿಗಳು, ಪಟ್ಟಿ ಬಿಗಿಯದ ಹೆಲ್ಮೆಟ್‌ಗಳು ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲೂ ಕಾಣುತ್ತವೆ. ಅವನ್ನು ನೋಡಿದಾಗಲೆಲ್ಲ ಜಗ್ಗುವ ಆಕ್ಸಾನುಗಳು ನನ್ನ ಕಣ್ಣೆದುರು ಬರುತ್ತವೆ.

ನಮ್ಮ ಜನರಿಗೆ ನಮ್ಮದೇ ಉತ್ತರ ಸಿಗಬೇಕಾದರೆ ಬೇಕಾದ ಸಲಕರಣೆಗಳಲ್ಲಿ ಎರಡು ಕರ್ನಾಟಕದಲ್ಲೇ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ, ಅವರ ಮಿದುಳು ಮುಪ್ಪಾಗುವ ಬಗೆಯನ್ನು ದಾಖಲಿಸುತ್ತಿದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಭಂಡಾರವಿದೆ. ಡಾ. ಎಸ್.ಕೆ. ಶಂಕರ್ ಅವರ ಮುಂದಾಳ್ತನದಲ್ಲಿ ಬೆಳೆದ ಈ ಭಂಡಾರದಲ್ಲಿ ಅಪಘಾತದಲ್ಲಿ ತೀರಿಕೊಂಡವರ ಮಿದುಳುಗಳೂ ಇವೆ. ಮನೆಯವರನ್ನು ಕಳೆದುಕೊಂಡ ಆ ಗಳಿಗೆಯಲ್ಲಿ, ಶವಾಗಾರದ ಹೊರಗೆ ನಿಂತು, ಕುಟುಂಬಗಳು ಒಪ್ಪಿ ಕೊಟ್ಟವು ಅವು. ಪೆಟ್ಟಿನ ನಂತರ ಇಪ್ಪತ್ತು ಮೂವತ್ತು ವರ್ಷ ಬದುಕಿ ಬೇರೆ ಕಾರಣದಿಂದ ತೀರಿಕೊಂಡವರ ಮಿದುಳುಗಳೂ ಇಂಥ ಭಂಡಾರಗಳಿಗೆ ಬರಬೇಕು. ಅದಕ್ಕೆ, ಯಾವಾಗಲೋ ಒಮ್ಮೆ ತಲೆಗೆ ಪೆಟ್ಟು ಬಿದ್ದಿತ್ತು ಎಂಬ ಸಂಗತಿ ಅವರ ಆಸ್ಪತ್ರೆಯ ಚೀಟಿಯಲ್ಲಿ ಕೊನೆಯವರೆಗೂ ಉಳಿದಿರಬೇಕು.